ಅಂಚಿನ ಹೆಸರು

ಟ್ವೀಡ್ ನದಿಯ ಹಳೇ ಸೇತುವೆ ದಾಟಿದರೆ ಎರಡನೇ ಓಣಿ,
ಅಲ್ಲಿ ನನ್ನ ಅಂಗಡಿ. ಪದಕಗಳಿಗೆ ರಿಬ್ಬನ್ ಹೊಲಿಯುತ್ತೇನೆ.
ನವೆಂಬರ್ ಬಂತೆಂದರೆ ಸೂಜಿಗೆ ಬಿಡುವಿಲ್ಲ,
ಸತ್ತವರೆಲ್ಲ ಹನ್ನೊಂದನೇ ತಾರೀಕಿನೊಳಗೆ ಸಿದ್ಧವಾಗಬೇಕು.

ರೋವೆನಾ ಥರ್ಲ್‌ವೆಲ್ ತಂಬಾಕಿನ ಡಬ್ಬಿ ತಂದಿಟ್ಟಳು.
"ಅಜ್ಜನವು. ಭಾನುವಾರದ ಮೆರವಣಿಗೆಗೆ ಹಾಕಿಕೊಳ್ಳಬೇಕು.
ಎಡಕ್ಕೋ, ಬಲಕ್ಕೋ?"
ಎಡ ಎದೆ ಗಳಿಸಿದವನದು,
ಬಲ ಎದೆ ಉಳಿದವರದು, ಎಂದೆ.
ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಳು.

ಅವಳಿಗೆ ಗೊತ್ತಿದ್ದ ಮೇಜರ್ ಆಂಬ್ರೋಸ್ ಇಷ್ಟೇ:
ಗಡಿಯಾರ ಹಿಡಿದು ನಾಲ್ಕೇ ನಿಮಿಷ ಮೊಟ್ಟೆ ಬೇಯಿಸುತ್ತಿದ್ದ;
ಪಟಾಕಿಯ ರಾತ್ರಿ ನಾಯಿಯನ್ನು ಕರೆದುಕೊಂಡು ಹೋಗಿ
ಕಲ್ಲಿದ್ದಲಿನ ಕೋಣೆಯಲ್ಲಿ ಕೂತುಬಿಡುತ್ತಿದ್ದ.
ನಾಯಿಗೆ ಹೆದರಿಕೆ, ಅನ್ನುತ್ತಿದ್ದ.

ಉಳಿದದ್ದನ್ನು ಲೋಹ ಹೇಳುತ್ತದೆ, ಓದಲು ಬರಬೇಕು.
ಕಂಚಿನ ನಕ್ಷತ್ರದ ಬೆನ್ನ ಮೇಲೆ: ಕಾರ್ಪೊರಲ್.
ಬೆಳ್ಳಿ ಬಿಲ್ಲೆಯ ಅಂಚಿನಲ್ಲಿ: ಕ್ಯಾಪ್ಟನ್.
ಎರಡು ಪದಗಳ ನಡುವೆ ಮೂರೇ ವರ್ಷ.
ಕಮ್ಮಾರನ ಮಗನಿಗೆ ಅಷ್ಟು ಬೇಗ ಕುರ್ಚಿ ಸಿಗಬೇಕಾದರೆ
ಎಷ್ಟು ಕುರ್ಚಿ ಖಾಲಿಯಾಗಿರಬೇಕು,
ನಾನು ಎಣಿಸಲಿಲ್ಲ, ಅವಳೂ ಕೇಳಲಿಲ್ಲ.
ಬಿಳಿ ನೇರಳೆ ಪಟ್ಟಿಯ ಬೆಳ್ಳಿಯ ಶಿಲುಬೆಯ ಮೇಲೆ ಹೆಸರೇ ಇಲ್ಲ,
ಸರ್ಕಾರ ಅದನ್ನು ಬೋಳಾಗಿಯೇ ಕೊಡುತ್ತಿತ್ತು.

ಹೊಳಪು ಪೂರ್ತಿ ಹಾಗೇ ಇದೆ. ಮೇಣದ ಕಾಗದದ ಮಡಿಕೆ
ಒಮ್ಮೆಯೂ ಬಿಚ್ಚಿದಂತಿಲ್ಲ. ನಾಲ್ಕರಲ್ಲಿ ಒಂದಕ್ಕೂ
ಪಿನ್ನು ಚುಚ್ಚಿದ ಗುರುತಿಲ್ಲ.

ಡಬ್ಬಿಯ ತಳದಲ್ಲಿ ಐದನೆಯದು.

ಅದೇ ಬೆಳ್ಳಿ, ಅದೇ ರಾಜ. ಆದರೆ ರಾಜನ ಮೂಗಿಲ್ಲ,
ಹಿಂಬದಿಯ ಕುದುರೆಗೆ ಕಾಲಿಲ್ಲ,
ಹೆಬ್ಬೆರಳು ಉಜ್ಜಿ ಉಜ್ಜಿ
ಹೊಳೆಯ ಕಲ್ಲಿನಂತೆ ನುಣುಪು.
ಭೂತಗನ್ನಡಿ ಹಿಡಿದು ಅಂಚು ತಿರುಗಿಸಿದೆ:
ಪ್ರೈವೇಟ್ ಜೆ. ಡಾಡ್ಸ್.

"ಯಾರಿವನು?" ಎಂದಳು.
ಜೊತೆಗೊಂದು ಖಾಲಿ ಲಕೋಟೆ, ಆಶಿಂಗ್ಟನ್ನಿನ ಮುದ್ರೆ,
ಕ್ಯಾಪ್ಟನ್ ಥರ್ಲ್‌ವೆಲ್‌ಗೆ ಎಂದು
ಅಕ್ಷರ ತಡವಾಗಿ ಕಲಿತ ಹೆಂಗಸಿನ ಕೈ.
ಮಗನ ಪದಕ ಮನೆಗೆ ಬಂದದ್ದು,
ಮನೆಯಿಂದ ಇವನ ವಿಳಾಸಕ್ಕೆ ಹೊರಟದ್ದು.
ಕೊಟ್ಟಳೋ, ಮುಖಕ್ಕೆ ಎಸೆದಳೋ,
ಲಕೋಟೆಯಿಂದ ತಿಳಿಯುವುದಿಲ್ಲ.

"ಇದನ್ನೂ ಸಾಲಿನಲ್ಲಿ ಸೇರಿಸುತ್ತೀರಾ?"
ಆಗದಮ್ಮ. ಒಬ್ಬನ ಸಾಲಿನಲ್ಲಿ ಇನ್ನೊಬ್ಬನ ಹೆಸರು ನೇತಾಡುವಂತಿಲ್ಲ.
ಮೂವತ್ತೊಂದು ವರ್ಷದಿಂದ ಇದೇ ಮಾತು ಹೇಳಿದ್ದೇನೆ,
ಎದುರು ನಿಂತವರು ಅತ್ತರೂ.

ಅವಳು ಅಳಲಿಲ್ಲ. ಡಾಡ್ಸ್‌ನನ್ನು ತನ್ನ ಅಂಗೈಗೆ ಹಾಕಿಕೊಂಡು
ಹೆಬ್ಬೆರಳಿನಿಂದ ಉಜ್ಜತೊಡಗಿದಳು, ಗೊತ್ತಿಲ್ಲದೆ,
ಕಿಟಕಿಯಾಚೆ ನದಿ ನೋಡುತ್ತ.

ಶುಕ್ರವಾರ ಬಂದಳು. ನಾಲ್ಕು ಪದಕ ನೆಟ್ಟಗೆ ನಿಂತಿದ್ದವು,
ಸದ್ದಾಗದಂತೆ ಬಟ್ಟೆಗೆ ಬಿಗಿದು ಹೊಲಿದದ್ದು.
ಪಟ್ಟಿಯ ಹಿಂಬದಿ, ಕೋಟಿಗೆ ತಾಗುವ ಕಡೆ,
ಫ್ಲಾನೆಲಿನ ಒಂದು ಚಿಕ್ಕ ಚೀಲ; ಬಾಯಿಗೆ ಎರಡು ಹೊಲಿಗೆ.
ಕೈಯಲ್ಲಿ ಹಿಡಿದು ತೂಗಿದಳು. ನನ್ನ ಮುಖ ನೋಡಿದಳು.

ರಸೀದಿ ಬರೆದೆ:
ಪದಕ, ನಾಲ್ಕು. ರಿಬ್ಬನ್, ಹೊಸದು.
ಫ್ಲಾನೆಲಿಗೆ ದುಡ್ಡು ಹಿಡಿಯಲಿಲ್ಲ.