ಕತ್ತಲೆಕೋಣೆಗೆ ಎಷ್ಟು ಕೊಂಬು

ಗೋಣಿಕೊಪ್ಪದ ಅಂಗಡಿಯಲ್ಲಿ ಶಮೀರ್
ಒಂದೊಂದೇ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟ.
ಎರಡು ಕೊಂಬಿನದು, ನಾಲ್ಕು ಕೊಂಬಿನದು,
ಅಂಗಾತ ಬಿದ್ದ ಜೇಡದಂಥ ಎಂಟು ಕೊಂಬಿನದು.
"ಇದು ಗೋಡೆ ತೂರತ್ತೆ ಸಾರ್."
"ಯಾವ ಗೋಡೆ?"
ಅವನು ತನ್ನ ಅಂಗಡಿಯ ಪ್ಲೈವುಡ್ಡು ತಟ್ಟಿ ತೋರಿಸಿದ.

ನಮ್ಮದು ವಿರಾಜಪೇಟೆ,
ಗಡಿಯಾರದ ಗೋಪುರದಿಂದ ಕೆಳಗಿಳಿದರೆ ಮೂರನೇ ಬಾಗಿಲು.
ಮುಂದೆ ಸ್ಟುಡಿಯೋ, ಹಿಂದೆ ಮನೆ,
ನಡುವೆ ಒಂದೂವರೆ ಮೊಳದ ಜಂಬಿಟ್ಟಿಗೆ ಗೋಡೆ.
ಅದರಾಚೆ, ಅಪ್ಪ ಫಿಲ್ಮು ತೊಳೆಯುತ್ತಿದ್ದ ಕತ್ತಲೆಕೋಣೆ.
ಬೆಳಕಿನ ಒಂದೆಳೆಯೂ ನುಸುಳಬಾರದೆಂದು
ಬಾಗಿಲ ಸಂದಿಗೆ ಸೈಕಲ್ ಟ್ಯೂಬು ಸೀಳಿ ಬಡಿದಿದ್ದರು.
ಅವರ ಅಪ್ಪಣೆ ಇನ್ನೂ ನಡೆಯುತ್ತಿದೆಯೇನೋ,
ಫೋನು ಒಳಗೆ ಒಯ್ದರೆ ಗೀಟುಗಳೆಲ್ಲ ಮಾಯ.

ಅಲ್ಲೇ ಕೂತು ನನ್ನ ತಂಗಿ ಜೆಸಿಂತಾ ಮದುವೆಗಳನ್ನು ತಿದ್ದುತ್ತಾಳೆ.
ಬಣ್ಣ ನಿಜ ನುಡಿಯುವುದು ಕತ್ತಲೆಯಲ್ಲಿ ಮಾತ್ರ ಅಂತ ಅವಳ ವಾದ.
ವರನ ಕುಪ್ಯದ ಬಿಳುಪು ನೀಲಿಗೆ ತಿರುಗಬಾರದು,
ಚೇಲೆಯ ಕೆಂಪು ಗಾಯದ ಹಾಗೆ ಕಾಣಬಾರದು.
ತಿದ್ದಿದ್ದೆಲ್ಲ ಶನಿವಾರದೊಳಗೆ
ಕೊಯಮತ್ತೂರಿನ ಪ್ರೆಸ್ಸು ಸೇರಬೇಕು, ನಲವತ್ತು ಜಿಬಿ.
ಮದುಮಗಳು ಶೇಕಡ ಹನ್ನೊಂದರವರೆಗೆ ಬಂದು
ಹೊಸಿಲಲ್ಲೇ ನಿಂತುಬಿಡುತ್ತಾಳೆ.
ಕಾಯುತ್ತೇವೆ. ಮತ್ತೆ ಸೊನ್ನೆಯಿಂದ.

ಶಮೀರ್ ಹೇಳಿದ, ಇದರೊಳಗೆ ಎರಡು ಥರದ ಅಲೆ ಸಾರ್,
ಐದರದು ಓಡುತ್ತೆ, ಗೋಡೆ ಕಂಡರೆ ಸುಸ್ತು.
ಎರಡು ಪಾಯಿಂಟ್ ನಾಲ್ಕರದು ನಿಧಾನ,
ಆದರೆ ಕರೆಯದ ನೆಂಟನ ಹಾಗೆ ಒಳಗೆ ಬಂದೇ ಬರುತ್ತೆ.
ನಾನು ನನ್ನ ಕಸುಬಿಗೆ ತರ್ಜುಮೆ ಮಾಡಿಕೊಂಡೆ:
ಒಂದು ಫ್ಲ್ಯಾಶು, ಒಂದು ಒಲೆಯ ಕಾವು.
ಫ್ಲ್ಯಾಶು ಗೋಡೆಗೆ ಬಡಿದು ಅಲ್ಲೇ ಸಾಯುತ್ತದೆ,
ಕಾವು ಆ ಮಗ್ಗುಲಲ್ಲಿ ಅಂಗೈ ಇಟ್ಟವರಿಗೂ ಸಿಗುತ್ತದೆ.

ಎಂಟು ಕೊಂಬಿನದನ್ನು ಅಲ್ಲೇ ಬಿಟ್ಟು
ನಾಲ್ಕರದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಲ್ಲಿ ಬಂದೆ.

ರಾತ್ರಿ ಅಂಗಡಿ ಮುಚ್ಚಿ, ದೀಪ ಆರಿಸಿ,
ಉದ್ದ ವೈರಿನ ತುದಿಗೊಂದು ಬಲ್ಬು ಸಿಕ್ಕಿಸಿ
ಅಟ್ಟದ ಮೇಲೆ, ಗಲ್ಲಾದ ಹತ್ತಿರ, ಬೀರುವಿನ ನೆತ್ತಿಯಲ್ಲಿ
ಇಟ್ಟು ಇಟ್ಟು ನೋಡಿದೆ. ನೆರಳು ಕಡಿಮೆ ಎಲ್ಲಿ?
ಅಲ್ಲಿ ರೂಟರ್ ಕೂರಲಿ.
"ನಿಂಗೆ ಹುಚ್ಚು" ಅಂದಳು ಜೆಸಿಂತಾ.
ಫೋನು ಹಿಡಿದು ಗೋಡೆಯುದ್ದಕ್ಕೂ ತಾನೇ ನಡೆದಳು.
ಎರಡು ಗೀಟು. ಎರಡು. ಎರಡು.
ಆಮೇಲೆ, ಯಾರೋ ಬಾಯಿ ಮುಚ್ಚಿದ ಹಾಗೆ, ಏನೂ ಇಲ್ಲ.
ನಾಲ್ಕು ಹೆಜ್ಜೆ ದಾಟಿದರೆ ಮತ್ತೆ ಎರಡು.
ಆ ನಾಲ್ಕು ಹೆಜ್ಜೆಯ ಈಚೆ ಏನಿದೆ ಅಂತ ಬಂದು ನೋಡಿದರೆ
ಕನ್ನಡಿ.

ಅಪ್ಪ ಮಂಗಳೂರಿಂದ ಲಾರಿಯಲ್ಲಿ,
ಹುಲ್ಲಿನಲ್ಲಿ ಸುತ್ತಿ ತಂದ ಆಳೆತ್ತರದ ಕನ್ನಡಿ.
ಪಾಸ್‌ಪೋರ್ಟಿಗೆ, ಜಾತಕದ ಜೊತೆಗೆ, ಪಟ್ಟೆ ವರ್ಗಾವಣೆಗೆ
ಫೋಟೋ ತೆಗೆಸುವವರೆಲ್ಲ ತಲೆ ಬಾಚಿದ್ದು ಅದರೆದುರು.
ಬೆನ್ನಿಗೆಲ್ಲ ಬೆಳ್ಳಿಯ ಲೇಪ.
ಬಂದ ಮುಖವನ್ನು ಮರಳಿಸುವುದೇ ಅದರ ಧರ್ಮ,
ಅಲೆಯನ್ನೂ ಮರಳಿಸಿದೆ, ಅಷ್ಟೆ.

ನಾಲ್ಕು ಜನ ಹಿಡಿದು ಇಳಿಸಿದೆವು.
ಹಿಂದೆ, ಯಾರೂ ನೋಡಿರದ ಎಳೆ ಹಸಿರು ಬಣ್ಣ,
ಅಪ್ಪ ಹೊಡೆಸಿದ ದಿನದಷ್ಟೇ ಹೊಸದು.
ಕನ್ನಡಿಯನ್ನು ಬಾಗಿಲ ಪಕ್ಕಕ್ಕೆ ಒರಗಿಸಿದೆವು.

ಸೋಮವಾರ ಬೆಳಿಗ್ಗೆ ಮುದ್ದವ್ವಜ್ಜಿ
ಪಿಂಚಣಿಯ ಫೋಟೋಗೆಂದು ಬಂದವಳು
ಹೊಸ ಜಾಗದ ಕನ್ನಡಿಯತ್ತ ತಿರುಗಲೂ ಇಲ್ಲ.
ಅಭ್ಯಾಸದ ಕಾಲು ನೇರ ಹಸಿರು ಗೋಡೆಗೆ ಹೋಯಿತು.
ಎದುರು ನಿಂತು ಸೆರಗಿನ ಪಿನ್ನು ಬಿಚ್ಚಿ ಹಾಕಿ,
ಕಿವಿಯ ಮೇಲಿನ ಕೂದಲು ಹಿಂದಕ್ಕೆ ಸವರಿ,
ಗೋಡೆಯನ್ನೇ ದಿಟ್ಟಿಸಿ ಕೇಳಿದಳು,
"ಸರಿಯಾಯ್ತಾ?"

ನಾನು ಬಾಯಿ ತೆರೆಯುವ ಮೊದಲೇ
ಆಚೆ ಬದಿಯ ಕತ್ತಲೆಯಿಂದ ಜೆಸಿಂತಾ ಕೂಗಿದಳು,
"ಆಯ್ತು! ಪೂರ್ತಿ ಆಯ್ತು!"

ಅಜ್ಜಿ ಸಮಾಧಾನದಿಂದ ಸ್ಟೂಲಿನ ಮೇಲೆ ಕೂತಳು.