ಹಾರುದೂರ

ಬಸ್ಸಿನವನ ದೂರ ಬೇರೆ, ರೈಲಿನವನದು ಬೇರೆ.
ನಮ್ಮ ಪಾರಿವಾಳದ ಕ್ಲಬ್ಬಿನ ದೂರ
ಹೈದರಾಬಾದಿನ ಹೊರಗಿನ ಒಂದು ಬಯಲಿನಿಂದ
ಲಿಂಗರಾಜಪುರದ ಒಂದು ಗೂಡಿನ ಬಾಗಿಲಿಗೆ.
ನಡುವೆ ತಿರುವಿಲ್ಲ, ಟೋಲ್ ಇಲ್ಲ,
ಟೀಗೆ ನಿಲ್ಲುವುದಿಲ್ಲ.

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ
ಸರಪಳಿ ಎಳೆದವನು ನಾನು.
ಈಗ ಸದಸ್ಯರ ತಾರಸಿ ಹತ್ತಿ
ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತೇನೆ.
ಭೂಮಿ ಗುಂಡಗಿರುವುದರಿಂದ
ನೇರ ಗೆರೆಯೂ ಕೊಂಚ ಡೊಂಕು.
ನಂಬದವರಿಗೆ ಮೊಮ್ಮಗಳ ಗೋಳದ ಮೇಲೆ
ಹೂ ಕಟ್ಟುವ ದಾರ ಎಳೆದು ತೋರಿಸಿದ್ದೇನೆ.

ಚೌರಪ್ಪನ ತಾರಸಿಗೆ
ನಾನೂರ ತೊಂಬತ್ತನಾಲ್ಕು ಕಿಲೋಮೀಟರು, ಮುನ್ನೂರ ಆರು ಮೀಟರು.
ಹಿಂದಿನ ಬೀದಿಯ ಜಬ್ಬಾರನಿಗೆ
ನೂರಾ ಎಂಬತ್ತು ಮೀಟರು ಹೆಚ್ಚು.
ಆ ನೂರಾ ಎಂಬತ್ತಕ್ಕೆ ಅವರಿಬ್ಬರೂ
ಏಳು ವರ್ಷದಿಂದ ಮಾತು ಬಿಟ್ಟಿದ್ದರು.

ವಿಮಾನಕ್ಕಾದರೆ ಒಂದು ಗಂಟೆ ಹತ್ತು ನಿಮಿಷ.
ಆಮೇಲೆ ದೇವನಹಳ್ಳಿಯಿಂದ ಹೆಬ್ಬಾಳ ದಾಟುವ ಹೊತ್ತು:
ಆ ಲೆಕ್ಕ ನನ್ನದಲ್ಲ.
ಪಾರಿವಾಳಕ್ಕೆ, ಗಾಳಿ ಬೆನ್ನಿಗಿದ್ದರೆ, ಏಳೂವರೆ.
ಗಾಳಿ ಎದುರಾದರೆ, ಅನಂತಪುರದ ಮೇಲೆ ಗಿಡುಗ ಕಂಡರೆ,
ಅದಕ್ಕೂ ಪುಸ್ತಕದಲ್ಲಿ ಒಂದು ಖಾನೆ ಉಂಟು:
ಬಂದಿಲ್ಲ.

ಈ ಸಲ ಚೌರಪ್ಪ ಹೆಸರು ಕೊಟ್ಟಾಗ
ವಿಳಾಸ ಹೊಸದು, ಹೊರಮಾವು.
ಹಳೆಯ ಮನೆ ರಸ್ತೆ ಅಗಲಕ್ಕೆ ಹೋಯಿತು;
ಗೂಡನ್ನು ಇಡಿಯಾಗಿ ಟೆಂಪೋಗೆ ಹೇರಿದ.
ಐದು ತಿಂಗಳು ಬಲೆಯೊಳಗಿಂದಲೇ
ಅವಕ್ಕೆ ಬೇರೆ ಆಕಾಶ ಕಲಿಸಿದ.
ಅಳೆದೆ. ಮೂರು ಕಿಲೋಮೀಟರು ಕಮ್ಮಿ ಬಂತು.
'ಹಕ್ಕಿಗೆ ಲಾಭ' ಅಂದ. ನಗಲಿಲ್ಲ.

ಭಾನುವಾರ ಆರೂಕಾಲಿಗೆ ಫೋನು: ಬುಟ್ಟಿ ತೆರೆದರು.
ನೀಲಿ ಪಟ್ಟೆಯ ಹೆಣ್ಣು, ಕಾಲುಂಗುರ ೪೧೭.
ಚೌರಪ್ಪ ಹೊರಮಾವಿನಲ್ಲಿ ಗಡಿಯಾರ ಹಿಡಿದು ಕೂತ,
ಕಾಳಿನ ಡಬ್ಬ ಅಲ್ಲಾಡಿಸುತ್ತ.
ನಾನು, ಯಾಕೋ, ಹಳೆಯ ಬೀದಿಗೆ ಹೋದೆ.

ಮನೆ ಇದ್ದಲ್ಲಿ ಅರ್ಧ ಗೋಡೆ,
ಅದರ ಮೇಲೆ ಅಡುಗೆಮನೆಯ ಹಸಿರು,
ಒಗ್ಗರಣೆಯ ಹೊಗೆ ಹಿಡಿದ ಒಂದು ಮೂಲೆ.
ಮೇಲೆ, ಗೂಡಿದ್ದ ಎತ್ತರದಲ್ಲಿ, ಏನೂ ಇಲ್ಲ.
ಜಬ್ಬಾರ ತನ್ನ ತಾರಸಿಯಿಂದ ಬಗ್ಗಿದ:
'ಏನ್ ಸಾರ್, ಅಳೆಯೋಕೆ ಏನು ಉಳಿದಿದೆ?'

ಒಂದು ಗಂಟೆ ನಲವತ್ತೆರಡು.
ಉತ್ತರದಿಂದ, ನೀರಿನ ಟ್ಯಾಂಕಿನ ಮೇಲಿಂದ, ಬಂದಳು.
ರೆಕ್ಕೆ ಎತ್ತಿ, ಕಾಲು ಮುಂದೆ ಚಾಚಿ
ಬರಿ ಗಾಳಿಯ ಮೇಲೆ ಇಳಿಯಹೋದಳು.
ಜಾರಿದಳು, ಎದ್ದಳು,
ಸುತ್ತು ಹಾಕಿ ಬಂದು ಮತ್ತೆ ಅಲ್ಲಿಗೇ
ಕಾಲು ಚಾಚಿದಳು.
ಮೂವತ್ತೊಂದು ವರ್ಷದಲ್ಲಿ ಯಾರೂ
ಒಂದು ಬಿಂದುವನ್ನು ಅಷ್ಟು ಸರಿಯಾಗಿ
ಹಿಡಿದದ್ದು ನಾನು ಕಂಡಿಲ್ಲ.

ತನ್ನದೊಂದೂ ಇನ್ನೂ ಬಂದಿರಲಿಲ್ಲ,
ಆದರೂ ಜಬ್ಬಾರ ಸೀಟಿ ಹೊಡೆದ, ಕಾಳು ಎರಚಿದ.
ಅವಳು ಅವನ ಗೂಡಿನ ಅಂಚಿಗೆ ಕೂತಳು.
ಒಳಗೆ ಹೋಗಲಿಲ್ಲ.

ಗಡಿಯಾರ ಒತ್ತದ ಹಕ್ಕಿಗೆ
ನಮ್ಮ ನಿಯಮದಲ್ಲಿ ವೇಗವಿಲ್ಲ.
ಆದರೂ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಬರೆದೆ:
ಹಳೆಯ ದೂರ, ಇಂದಿನ ಸಮಯ.

ಸಂಜೆ ಚೌರಪ್ಪ ಬಂದ.
ತೂತು ಕೊರೆದ ರಟ್ಟಿನ ಪೆಟ್ಟಿಗೆ ಕಂಕುಳಲ್ಲಿ.
ಜಬ್ಬಾರನ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು
ಸ್ವಲ್ಪ ಹೊತ್ತು ನಿಂತೇ ಇದ್ದ,
ಆಮೇಲೆ ಹತ್ತಿದ.

ಮೇಲಿಂದ ಏನೂ ಕೇಳಿಸಲಿಲ್ಲ, ಬಹಳ ಹೊತ್ತು.
ಕೊನೆಗೆ ಜಬ್ಬಾರನ ತಲೆ ಕಂಡಿತು:
'ಸಾರ್, ಅವಳು ಕೂತಿದ್ದು ಇಲ್ಲಿ.
ನೂರಾ ಎಂಬತ್ತು ಸೇರಿಸಿ, ಅವನ ಹೆಸರಿಗೇ.'