ಮೆಟ್ಟುಗಲ್ಲು

ನಮ್ಮ ದೇವಾಲಯಕ್ಕ ಗೋಪುರ ಇಲ್ಲ.
ಮಂಗಳೂರ ಹಂಚು, ಮಣ್ಣಿನ ಗ್ವಾಡಿ. ಗಂಟಿ ಅಂದ್ರ
ಗದಗ ಸ್ಟೇಷನ್ನಿನವರು ಬಿಸಾಕಿದ ರೈಲು ಹಳಿಯ ತುಂಡು,
ಬೇವಿನ ಟೊಂಗಿಗೆ ಜೋತು ಬಿದ್ದೈತಿ.
ಈಗ ಹದಿನೇಳು ಮನಿ. ಒಮ್ಮೆ ನಲವತ್ತೊಂದಿದ್ದವು,
ರಜಿಸ್ಟರದಾಗ ಐತಿ. ಪ್ಲೇಗಿನ ವರ್ಷದ ಹಾಳಿ ಮಾತ್ರ
ಒಂದು ಕೈಬರಹದಾಗ ಶುರುವಾಗಿ
ಇನ್ನೊಂದು ಕೈಬರಹದಾಗ ಮುಗೀತೈತಿ.

ಹೋದ ಮಾಗಿಯೊಳಗ ಚೌಕಟ್ಟಿಗೆ ಗೆದ್ದಲು ಹತ್ತಿ
ಮೆಟ್ಟುಗಲ್ಲು ಕೀಳಬೇಕಾತು.
ಗೌಂಡಿ ರಾಜೇಸಾಬ ಹಾರಿ ಹಾಕಿ ಎಬ್ಬಿಸಿ
ಮಗ್ಗಲಾ ಹೊರಳಿಸಿದವ, ತುಟಿಯಾಗಿನ ಬೀಡಿ ತಗದ.
‘ಇದರೊಳಗ ಮಂದಿ ಅದಾರ,’ ಅಂದ.

ಖರೇನ ಅದಾರ.
ಕೆಳಗಿನ ಪಟ್ಟಿಯಾಗ ಆರು ಆಕಳು, ಒಂದರ ಕೋಡು ಮುರದೈತಿ.
ನಡುವ ಬಿಲ್ಲು ಎಳದವ, ಮೈತುಂಬ ಅಂಬು,
ಆದರೂ ಮುಂದಿಟ್ಟ ಕಾಲು ಹಿಂದ ತಗದಿಲ್ಲ.
ಮ್ಯಾಲ ಇಬ್ಬರು ಹೆಣ್ಣಮಕ್ಕಳು ಅವನ ರಟ್ಟಿ ಹಿಡದು
ಎಲ್ಲಿಗೋ ಒಯ್ಯಾಕ ಹತ್ಯಾರ.
ಸೂರ್ಯ, ಚಂದ್ರ. ಚಂದ್ರನ ತಗ್ಗಿನ್ಯಾಗ
ಎರಿಮಣ್ಣು, ಇರುವಿ ತತ್ತಿ.

ಧಾರವಾಡದಿಂದ ಬಂದವರು ಒದ್ದಿ ಕಾಗದ ಹಚ್ಚಿ,
ಬ್ರಶ್ಶಿಲೆ ಬಡದು, ಮಸಿ ಒತ್ತಿ, ಮೂರೂವರಿ ಸಾಲು ಓದಿದರು.
ಊರ ತುರು ಹೊಡಕೊಂಡು ಹೋದಾಗ
ಬೆನ್ನಹತ್ತಿ, ಮರಳಿಸಿ, ಸತ್ತವ.
ಹೆಸರಿನ ಜಾಗಾದಾಗ ಕಡೀಕ ‘ಗ’ ಅನ್ನೂದೊಂದ ಉಳದಿತ್ತು.
‘ಯಾವ ಮನಿತನದವ?’ ಗೌಡರ ಮೊಮ್ಮಗ
ಎರಡು ಸಲ ಕೇಳಿದ.
‘ಸವದೈತ್ರಿ,’ ಅಂದ್ರು ಅವರು, ಎರಡೂ ಸಲ.

ಗದಗಿಗೆ ಒಯ್ತೀವಿ, ಹೆಸರು ಬರದು ಇಡ್ತೀವಿ ಅಂದ್ರು.
ಕಮಿಟಿ ಕೂಡಿತು. ಸತ್ಯಮಿತ್ರ ಮಾಸ್ತರ ಅಂದ,
‘ಒಯ್ಯಲಿ. ಬಿಲ್ಲಿನವಗ ನಮ್ಮ ಬಾಗಿಲಾಗ ಏನ ಕೆಲಸ?’
‘ನೂರಾ ಮೂವತ್ತು ವರ್ಷ ಬೋರಲ ಮಲಗಿ
ನಮ್ಮನ್ನ ಹೊತ್ತಾನ,’ ಅಂದ ಮತ್ತೊಬ್ಬ. ಚಾ ಆರಿತು.
ಆಗ ಕರುಣವ್ವ, ಎಂಬತ್ತಾರು, ಒಂದು ಕಣ್ಣು ಹೋದಾಕಿ,
‘ಆ ಕಡಿ ಅವರದು ಅಂತ ತಿಳೀತು.
ಈ ಕಡಿ ಯಾರದು?’ ಅಂದಳು.

ಈ ಕಡಿ ಚಿತ್ರ ಇಲ್ಲ.
ನಡುವ ಒಂದು ತಗ್ಗು, ಮಳಿ ನಿಂತ್ರ ಗುಬ್ಬಿ ಮೀಯುವಷ್ಟು.
ಎಡಕ್ಕ ಹೆಚ್ಚು ಸವದೈತಿ,
ಪೆಟಗಿ ಹೊತ್ತವರು ಅಲ್ಲೇ ಹೊರಳೂದು, ಹಳ್ಳದ ಕಡೆ.
ನನ್ನ ಅವ್ವನ ಹೊತ್ತಾಗ ನಾನೂ ಅಲ್ಲೇ ಹೊರಳೇನಿ,
ಕಲ್ಲು ನೋಡಿರಲಿಲ್ಲ.

ಕಡೀಕ ಬೇವಿನ ಬುಡಕ್ಕ ನಿಲ್ಲಿಸೇವಿ, ಉದ್ದಕ.
ಮುಂದ ಬಂದವರಿಗೆ ಆಕಳು ಕಾಣತಾವ,
ಹಿಂದ ಹೋದವರಿಗೆ ತಗ್ಗು.
ಗೌಡರ ಮೊಮ್ಮಗ ಮುಂದಿನಿಂದ ಫೋಟೋ ತಕ್ಕೊಂಡು ಹೋದ.

ಬಾಗಿಲಿಗೆ ಸಿಮೆಂಟಿನ ಹೊಸ ಮೆಟ್ಟಲ. ಸಪಾಟ.
ಕರುಣವ್ವನ ಕಾಲು ಆ ಹಳೇ ತಗ್ಗಿಗೆ ಇಳಿಯಾಕ ಹೋಗಿ
ಎರಡು ಬೆರಳು ಮೊದಲ ಬಡೀತೈತಿ,
ಪ್ರತಿ ಐತವಾರ, ಮೊದಲ ಕೀರ್ತನಿ ಹೊತ್ತಿಗೆ ಸರಿಯಾಗಿ.
ರಾಜೇಸಾಬ ಉಳಿ ತಂದ.
‘ಒಂದೀಟು ಕಡದು ತಗ್ಗು ಮಾಡಿಕೊಡ್ಲೇನವ್ವ?’
‘ಬ್ಯಾಡೋ,’ ಅಂದಳು, ಬೆರಳು ತಿಕ್ಕಿಕೊಂತ.
‘ಸಂಡೇಸ್ಕೂಲಿಗೆ ಒಂಬತ್ತು ಹುಡುಗರು ಅದಾವು.
ಓಡ್ಯಾಡ್ಲಿ.’